ಬಣ್ಣದ ಡಬ್ಬಿಗಿಂತ ಮೊದಲು ಕೆರೆಯ ಮಣ್ಣು: ಶಾಲೆಯ ಚಿತ್ರಕಲಾ ತರಗತಿಗೆ ಯಾವ ಸಾಮಗ್ರಿ ಆರಿಸಬೇಕು?

ಶಾಲೆ ತೆರೆದ ಎರಡನೆಯ ವಾರ, ಚಿತ್ರಕಲೆಗೆಂದು ಸಿಕ್ಕ ಸ್ವಲ್ಪ ಹಣ ಹಿಡಿದು ಪೇಟೆಗೆ ಹೋಗುವ ಶಿಕ್ಷಕರಲ್ಲಿ ಹೆಚ್ಚಿನವರು ತರುವುದು ನೀರಿನ ಬಣ್ಣದ ಪುಟ್ಟ ಡಬ್ಬಿಗಳನ್ನು. ಹನ್ನೆರಡು ಬಿಲ್ಲೆ, ಒಂದು ಸಣ್ಣ ಕುಂಚ, ಮುಚ್ಚಳದ ಮೇಲೆ ಕಾಮನಬಿಲ್ಲು. ದೀಪಾವಳಿ ಬರುವ ಹೊತ್ತಿಗೆ ಹಳದಿ ಬಿಲ್ಲೆ ಹಸಿರಾಗಿರುತ್ತದೆ, ಬಿಳಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಕುಂಚದ ಕೂದಲು ಪೊರಕೆಯಂತೆ ಕೆದರಿರುತ್ತದೆ. ಮಕ್ಕಳು ಬಣ್ಣ ಹಚ್ಚಿದ ಹಾಳೆಗಳು ಸುರುಟಿಕೊಂಡು ಬೀರುವಿನ ಮೂಲೆ ಸೇರಿರುತ್ತವೆ. ನಾನು ಶಿಕ್ಷಕಿಯಾದ ಮೊದಲ ವರ್ಷ ನನ್ನ ತರಗತಿಯಲ್ಲೂ ಹೀಗೇ ಆಯಿತು. ಐದನೆಯ ತರಗತಿಯ ಒಬ್ಬ ಹುಡುಗಿ ಒದ್ದೆಯಾಗಿ ತೂತುಬಿದ್ದ ತನ್ನ ಹಾಳೆಯನ್ನು ಎತ್ತಿ ತೋರಿಸಿ, "ನನಗೆ ಚಿತ್ರ ಬರುವುದಿಲ್ಲ ಟೀಚರ್" ಎಂದಳು. ನೋಟ್‌ಬುಕ್ಕಿನ ತೆಳು ಹಾಳೆಗೆ ನೀರಿನ ಬಣ್ಣ ಕೊಟ್ಟವಳು ನಾನು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈ ಬರಹ ಚಿತ್ರಕಲೆಯನ್ನು ಪದವಿಯಾಗಿ ಓದದೆ, ಆದರೂ ಆ ಅವಧಿಯನ್ನು ನಡೆಸಬೇಕಾಗಿ ಬಂದ ತರಗತಿ ಶಿಕ್ಷಕರಿಗಾಗಿ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಅಂಥವರೇ ಹೆಚ್ಚು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಉಳಿದ ಪಾಠಗಳೊಂದಿಗೆ ಬೆಸೆಯಬೇಕೆನ್ನುತ್ತದೆ. ಹೇಳುವುದು ಸುಲಭ. ನಲವತ್ತು ಮಕ್ಕಳು, ನಲವತ್ತು ನಿಮಿಷ, ಅಂಗಳದಲ್ಲಿ ಒಂದೇ ನಲ್ಲಿ ಇರುವಾಗ ಮಕ್ಕಳ ಕೈಗೆ ಏನು ಕೊಡಬೇಕು ಎಂಬುದು ಶಿಕ್ಷಕರ ಪಾಡು.

ಯಾವ ಸಾಮಗ್ರಿಯನ್ನೇ ಆಗಲಿ, ನಾನು ಮೂರು ಮಾತು ಕೇಳಿ ಅಳೆಯುತ್ತೇನೆ. ಹಂಚಿ, ಕೆಲಸ ಮಾಡಿಸಿ, ತೊಳೆದು, ಎತ್ತಿಡುವುದು ಒಂದು ಅವಧಿಯಲ್ಲಿ ಮುಗಿಯುತ್ತದೆಯೇ? ಮುಗಿದುಹೋದರೆ ಊರಿನಲ್ಲೇ ಮತ್ತೆ ಸಿಗುತ್ತದೆಯೇ? ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಗು ತಪ್ಪಿದಾಗ ಅದು ತಿದ್ದಿಕೊಳ್ಳಲು ಬಿಡುತ್ತದೆಯೇ? ತಿದ್ದಲು ಬಿಡದ ಸಾಮಗ್ರಿಯ ಮುಂದೆ ಮಗು ಹೆದರುತ್ತದೆ. ಹೆದರಿದ ಮಗು ಪಕ್ಕದವರ ಹಾಳೆ ನೋಡಿ ಬರೆಯುತ್ತದೆ.

ಮೇಣದ ಬಣ್ಣ, ಆಯಿಲ್ ಪೇಸ್ಟಲ್, ಬಣ್ಣದ ಪೆನ್ಸಿಲ್

ಮೂರೂ ಕಡ್ಡಿಗಳೇ, ನೀರು ಬೇಡ, ಚೆಲ್ಲುವುದಿಲ್ಲ. ಹಾಗಾಗಿ ಮೂರನ್ನೂ ಒಂದೇ ಎಂದು ಭಾವಿಸುವವರಿದ್ದಾರೆ. ಕೈಗೆ ಸಿಕ್ಕಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಮೇಣದ ಕ್ರೆಯಾನ್ ಗಟ್ಟಿ. ಗಾಢ ಬಣ್ಣ ಬರಬೇಕಾದರೆ ಒತ್ತಿ ತಿಕ್ಕಬೇಕು, ಒಂದು ಬಣ್ಣ ಇನ್ನೊಂದರೊಳಗೆ ಸರಿಯಾಗಿ ಬೆರೆಯುವುದಿಲ್ಲ. ಆದರೆ ಅಗ್ಗ, ಕೈಗೆ ಮೆತ್ತುವುದಿಲ್ಲ, ದಪ್ಪ ಕಡ್ಡಿಯಾದರೆ ಆರು ವರ್ಷದ ಮಗುವಿನ ಮುಷ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಮುರಿದ ತುಂಡುಗಳನ್ನು ಎಸೆಯಬೇಡಿ. ಸುತ್ತಿದ ಕಾಗದ ಸುಲಿದು, ತುಂಡನ್ನು ಅಡ್ಡ ಮಲಗಿಸಿ ಉಜ್ಜಲು ಕಲಿಸಿ. ಹಾಳೆಯ ಕೆಳಗೆ ಹಲಸಿನ ಎಲೆ, ನಾಣ್ಯ, ಚಾಪೆಯ ತುಂಡು ಇಟ್ಟು ಉಜ್ಜಿದರೆ ಅದರ ಮೈ ಕಾಗದದ ಮೇಲೆ ಮೂಡುತ್ತದೆ. ಒಂದನೆಯ ತರಗತಿಯ ಮಕ್ಕಳು ಎಲೆಯ ನರಗಳು ಒಂದೊಂದಾಗಿ ಏಳುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ.

ಆಯಿಲ್ ಪೇಸ್ಟಲ್‌ನಲ್ಲಿ ಮೇಣದ ಜೊತೆಗೆ ಒಣಗದ ಎಣ್ಣೆ ಇರುತ್ತದೆ. ಆದ್ದರಿಂದ ಬಣ್ಣ ಮೃದು, ದಟ್ಟ, ಬೆರಳಿನಿಂದ ತೀಡಿದರೆ ಬೆರೆಯುತ್ತದೆ, ತಪ್ಪಾದ ಕಡೆ ಮೇಲೊಂದು ಪದರ ಹಚ್ಚಿ ಮುಚ್ಚಬಹುದು. ಎಂಟು ವರ್ಷ ದಾಟಿದ ಮಕ್ಕಳಿಗೆ ಕ್ರೆಯಾನ್‌ಗಿಂತ ಇದೇ ಮೇಲು ಎನ್ನಲು ನನಗೆ ಅನುಮಾನವಿಲ್ಲ. ತೊಂದರೆಯೂ ಆ ಎಣ್ಣೆಯಿಂದಲೇ ಬರುತ್ತದೆ. ಸಮವಸ್ತ್ರಕ್ಕೆ ತಗಲಿದರೆ ಬಿಡಿಸುವುದು ಕಷ್ಟ, ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಬಣ್ಣ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ನಡುವೆ ಹಳೆಯ ದಿನಪತ್ರಿಕೆ ಹಾಕಿಡಿ.

ಬಣ್ಣದ ಪೆನ್ಸಿಲ್ ಭೂಪಟಕ್ಕೆ, ವಿಜ್ಞಾನದ ಚಿತ್ರಕ್ಕೆ ಸರಿ. ಪೂರ್ತಿ ಹಾಳೆ ತುಂಬಲು ಒಂದು ಅವಧಿ ಸಾಲದು, ಮಗುವಿನ ಬೆರಳು ಸೋಲುತ್ತದೆ. ಕೊಡಲೇಬೇಕಾದರೆ ಹಾಳೆಯನ್ನು ನಾಲ್ಕು ಭಾಗ ಮಾಡಿ ಒಂದು ಭಾಗ ಕೊಡಿ.

ನೀರಿನ ಬಣ್ಣವೋ, ಪೋಸ್ಟರ್ ಬಣ್ಣವೋ?

ನೀರಿನ ಬಣ್ಣ ಪಾರದರ್ಶಕ. ಅದರಲ್ಲಿ ಬಿಳಿ ಎಂದರೆ ಕಾಗದದ ಬಿಳಿ. ಮೋಡ ಬೇಕಾದರೆ ಮೋಡದ ಜಾಗವನ್ನು ಮೊದಲೇ ಬಿಟ್ಟು ಆಕಾಶ ಹಚ್ಚಬೇಕು. ತಿಳಿ ಬಣ್ಣದಿಂದ ಶುರುಮಾಡಿ ಗಾಢಕ್ಕೆ ಹೋಗಬೇಕು, ಒಮ್ಮೆ ಗಾಢವಾದದ್ದು ಮತ್ತೆ ತಿಳಿಯಾಗುವುದಿಲ್ಲ. ಅಂದರೆ ಕುಂಚ ಅದ್ದುವ ಮುನ್ನವೇ ಇಡೀ ಚಿತ್ರ ತಲೆಯಲ್ಲಿರಬೇಕು. ಇದು ಪಳಗಿದ ಕಲಾವಿದರಿಗೂ ಸವಾಲು. ಒಂಬತ್ತು ವರ್ಷದ ಮಗುವಿಗೆ ಇದನ್ನು ಮೊದಲ ಸಾಮಗ್ರಿಯಾಗಿ ಕೊಡುವುದು ಈಜು ಬಾರದವರನ್ನು ತುಂಬಿದ ಹೊಳೆಗೆ ಇಳಿಸಿದಂತೆ.

ಕಾಗದದ ಲೆಕ್ಕವೂ ಇದೆ. ಕಾಗದದ ದಪ್ಪವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಅಳೆಯುತ್ತಾರೆ, ಅಂಗಡಿಯಲ್ಲಿ ಜಿಎಸ್‌ಎಂ ಎಂದರೆ ಗೊತ್ತಾಗುತ್ತದೆ. ನೋಟ್‌ಬುಕ್ ಹಾಳೆ ಸುಮಾರು 60, ಜೆರಾಕ್ಸ್ ಹಾಳೆ 70ರಿಂದ 80. ನೀರಿನ ಬಣ್ಣ ಸುಕ್ಕಾಗದೆ ನಿಲ್ಲಬೇಕಾದರೆ 200ಕ್ಕೆ ಕಡಿಮೆಯಾಗಬಾರದು, 300 ಇದ್ದರೆ ಒಳ್ಳೆಯದು. ಅಂಥ ಹಾಳೆಯನ್ನು ನಲವತ್ತು ಮಕ್ಕಳಿಗೆ ವಾರವಾರವೂ ಕೊಡುವ ಶಕ್ತಿ ಯಾವ ಹಳ್ಳಿಯ ಶಾಲೆಗಿದೆ?

ಪೋಸ್ಟರ್ ಬಣ್ಣ ಹಾಗಲ್ಲ. ಅದು ಅಪಾರದರ್ಶಕ, ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಬಣ್ಣ ಹಚ್ಚಬಹುದು. ಹಸಿರು ಮರದ ಮೇಲೆ ಬಿಳಿ ಕೊಕ್ಕರೆ ಕೂರಿಸಬೇಕೆಂದು ಮಗುವಿಗೆ ಕೊನೆಯಲ್ಲಿ ಹೊಳೆದರೂ ತಡವಾಗಿರುವುದಿಲ್ಲ. ರಟ್ಟು, ದಪ್ಪ ಕಂದು ಕಾಗದ, ಲಗ್ನಪತ್ರಿಕೆಯ ಬೆನ್ನು, ಎಲ್ಲದರ ಮೇಲೂ ಕೂರುತ್ತದೆ. ತೀರ ದಪ್ಪಗೆ ಬಳಿದರೆ ಒಣಗಿ ಬಿರುಕು ಬಿಡುತ್ತದೆ, ಅದೊಂದನ್ನು ಮೊದಲೇ ಹೇಳಿ.

ಕೊಳ್ಳುವಾಗ ಹನ್ನೆರಡು ಪುಟ್ಟ ಸೀಸೆಗಳ ಪೆಟ್ಟಿಗೆ ಬೇಡ. ಕೆಂಪು, ಹಳದಿ, ನೀಲಿ, ಬಿಳಿ, ಈ ನಾಲ್ಕನ್ನು ದೊಡ್ಡ ಸೀಸೆಯಲ್ಲಿ ತನ್ನಿ. ಕಪ್ಪು ಬೇಡವೇ ಬೇಡ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ, ಆದರೆ ಮೊದಲ ಮೂರು ತಿಂಗಳು ಅದನ್ನು ಬೀರುವಿನಲ್ಲೇ ಇಡುತ್ತೇನೆ. ಕಪ್ಪು ಕೈಗೆ ಸಿಗದಿದ್ದಾಗ ಮಕ್ಕಳು ನೀಲಿಗೆ ಕೆಂಪು, ಸ್ವಲ್ಪ ಹಳದಿ ಬೆರೆಸಿ ತಮ್ಮದೇ ಕತ್ತಲೆಯನ್ನು ಕಂಡುಕೊಳ್ಳುತ್ತಾರೆ. ಮಾವಿನ ಎಲೆಯ ಹಸಿರೂ ಬಾಳೆಲೆಯ ಹಸಿರೂ ಬೇರೆ ಎಂಬುದು ಹಸಿರಿನ ಸೀಸೆ ಇಲ್ಲದಿದ್ದಾಗ ಕಣ್ಣಿಗೆ ಬೀಳುತ್ತದೆ.

ಐದೈದು ಮಕ್ಕಳ ಗುಂಪು ಮಾಡಿ, ಗುಂಪಿಗೆ ನಾಲ್ಕು ತೆಂಗಿನ ಕರಟಗಳಲ್ಲಿ ಬಣ್ಣ, ಎರಡು ಲೋಟ ನೀರು: ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ಕುಂಚವನ್ನು ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟರೆ ಕೂದಲು ಬಾಗಿ ಹಾಳಾಗುತ್ತದೆ. ಇಷ್ಟೆಲ್ಲ ಮಾಡಿದರೂ ಒಂದೇ ಅವಧಿ ಸಾಲುವುದಿಲ್ಲ, ಬೆನ್ನುಬೆನ್ನಿಗೆ ಎರಡು ಅವಧಿ ಸಿಗುವಂತಿದ್ದರೆ ಮಾತ್ರ ಕುಂಚಕ್ಕೆ ಕೈ ಹಾಕಿ. ಶನಿವಾರದ ಬೆಳಗಿನ ಶಾಲೆ ಇದಕ್ಕೆ ಒದಗುತ್ತದೆ.

ಪೆನ್ಸಿಲ್ ಮತ್ತು ಇದ್ದಿಲು

ಪೆನ್ಸಿಲ್ ಎಲ್ಲರ ಬಳಿಯೂ ಇದೆ, ಆದ್ದರಿಂದ ಆಯ್ಕೆಯ ಪ್ರಶ್ನೆಯೇ ಇಲ್ಲ ಎನಿಸುತ್ತದೆ. ಆದರೆ ಪೆನ್ಸಿಲ್ ಜೊತೆಗೆ ರಬ್ಬರ್ ಬರುತ್ತದೆ. ಒಂದು ಗೆರೆ ಎಳೆದು ಮೂರು ಸಲ ಅಳಿಸುವ ಮಗುವನ್ನು ನೀವೂ ನೋಡಿದ್ದೀರಿ, ಅವಧಿ ಮುಗಿದಾಗ ಹಾಳೆಯಲ್ಲಿ ಉಳಿಯುವುದು ಬೂದು ಕಲೆ ಮಾತ್ರ. ಪೆನ್ಸಿಲನ್ನೇ ಕೊಡುವುದಾದರೆ ಬರವಣಿಗೆಯ ಎಚ್‌ಬಿ ಬದಲು ಅದಕ್ಕಿಂತ ಮೃದುವಾದ, ಗಾಢ ಗೆರೆ ಮೂಡಿಸುವ 2ಬಿ ಅಥವಾ 4ಬಿ ಕೊಡಿ, ರಬ್ಬರನ್ನು ಮೇಜಿನ ಮೇಲೆ ಒಟ್ಟುಗೂಡಿಸಿಡಿ. ತಪ್ಪು ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಲಿ.

ಇದ್ದಿಲು ಬೇರೆಯದೇ ಲೋಕ. ಬೆರಳಿನ ತುದಿಗಲ್ಲ, ಭುಜಕ್ಕೆ ಕೆಲಸ ಕೊಡುತ್ತದೆ. ಬಟ್ಟೆಯಿಂದ ಒರೆಸಿದರೆ ಗೆರೆ ಮಸುಕಾಗುತ್ತದೆ, ಅದರ ಮೇಲೆಯೇ ಮತ್ತೆ ಬರೆಯಬಹುದು. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಬಟ್ಟೆಯ ಮೇಲೆ ಮೊದಲ ರೇಖೆ ಎಳೆಯುವುದು ಹುಣಿಸೆ ಕಡ್ಡಿಯ ಇದ್ದಿಲಿನಿಂದ. ಹುಣಿಸೆ ಮರ ನಮ್ಮ ಯಾವ ಊರಿನಲ್ಲಿಲ್ಲ? ಕಿರುಬೆರಳು ಗಾತ್ರದ ಒಣ ಕಡ್ಡಿಗಳನ್ನು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಸಿಪ್ಪೆ ಸುಲಿದು, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ ಭದ್ರವಾಗಿ ಮುಚ್ಚಿ ಬೆಂಕಿಯಲ್ಲಿಡಿ. ತೂತಿನಿಂದ ಹೊಗೆ ಬರುವುದು ನಿಂತಾಗ ಕಡ್ಡಿ ಇದ್ದಿಲಾಗಿದೆ ಎಂದು ಅರ್ಥ. ಡಬ್ಬಿ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆರೆಯಬೇಡಿ, ಬಿಸಿಯಲ್ಲಿ ಗಾಳಿ ತಗಲಿದರೆ ಕಡ್ಡಿಗಳು ಉರಿದು ಬೂದಿಯಾಗುತ್ತವೆ. ಈ ಕೆಲಸ ದೊಡ್ಡವರದು, ಮಕ್ಕಳು ದೂರ ನಿಂತು ನೋಡಲಿ. ಬರೆಯಲು ಹಳೆಯ ದಿನಪತ್ರಿಕೆಯ ಪೂರ್ಣ ಹಾಳೆ ಸಾಕು, ಅಚ್ಚಾದ ಅಕ್ಷರಗಳ ಮೇಲೆಯೇ ಕಪ್ಪು ಗೆರೆ ಗಟ್ಟಿಯಾಗಿ ಕಾಣುತ್ತದೆ. ಚಿತ್ರ ಬಹಳ ದಿನ ಉಳಿಯುವುದಿಲ್ಲ, ಉದುರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮಣ್ಣು

ನನ್ನನ್ನು ಒಂದೇ ಒಂದು ಸಾಮಗ್ರಿ ಆರಿಸು ಎಂದರೆ ಮಣ್ಣನ್ನೇ ಆರಿಸುತ್ತೇನೆ. ಜ್ಯೇಷ್ಠ ಮಾಸದ ಕೊನೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಜೋಡೆತ್ತು ಮಾಡಿ ಪೂಜೆಗಿಡುತ್ತಾರೆ, ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡುತ್ತಾರೆ, ಭಾದ್ರಪದದಲ್ಲಿ ಗಣಪ. ಆ ಭಾಗದ ಮಕ್ಕಳು ಶಾಲೆಗೆ ಬರುವಾಗಲೇ ಎತ್ತಿನ ಇಣಿ ಹೇಗೆ ಏರುತ್ತದೆ, ಕೋಡು ಎಲ್ಲಿ ಬಾಗುತ್ತದೆ ಎಂಬುದನ್ನು ಬೆರಳಿನಲ್ಲಿ ತಂದಿರುತ್ತಾರೆ. ಅದನ್ನು ಬಾಗಿಲಾಚೆ ಬಿಡಿಸಿ, ಕೈಗೆ ಪೆನ್ಸಿಲ್ ಕೊಟ್ಟು ಸೇಬು ಬರೆಸುತ್ತೇವೆ.

ಮಣ್ಣು ತಿದ್ದಿಕೊಳ್ಳಲು ಬಿಡುವಷ್ಟು ಬೇರೆ ಯಾವುದೂ ಬಿಡುವುದಿಲ್ಲ. ಹಿಡಿಸದಿದ್ದರೆ ಮುದ್ದೆ ಮಾಡಿ ಮೊದಲಿಂದ ಶುರು. ನಮ್ಮ ಶಾಲೆಯಲ್ಲಿ ಎರಡು ವರ್ಷ ಒಂದು ಗೆರೆಯನ್ನೂ ಎಳೆಯದೆ ಸುಮ್ಮನೆ ಕೂರುತ್ತಿದ್ದ ಹುಡುಗನೊಬ್ಬ, ಮಣ್ಣು ಕೊಟ್ಟ ಮೊದಲ ದಿನ ಮಲಗಿದ ಎಮ್ಮೆ ಮಾಡಿದ. ನೊಣ ಓಡಿಸಲು ಕತ್ತನ್ನು ಹಿಂದಕ್ಕೆ ತಿರುಗಿಸಿದ ಎಮ್ಮೆ. ಪುಸ್ತಕದಲ್ಲಿ ಅಂಥ ಎಮ್ಮೆ ಇರುವುದಿಲ್ಲ, ಅದನ್ನು ದಿನವೂ ಮೇಯಿಸುವವನ ಕಣ್ಣಿನಲ್ಲಿ ಇರುತ್ತದೆ. ಕಣ್ಣಿನ ದೃಷ್ಟಿ ಮಂದವಾಗಿರುವ ಮಕ್ಕಳೂ ಮಣ್ಣಿನಲ್ಲಿ ಉಳಿದವರ ಸರಿಸಮ.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಜೇಡಿಮಣ್ಣು ತಂದಿಟ್ಟುಕೊಳ್ಳಿ. ಊರಿನಲ್ಲಿ ಕುಂಬಾರರಿದ್ದರೆ ಅವರನ್ನೇ ಕೇಳಿ, ಸಾಧ್ಯವಾದರೆ ಒಂದು ದಿನ ಶಾಲೆಗೆ ಕರೆಯಿರಿ. ಕರಾವಳಿಯ ಶಿಕ್ಷಕರು "ನಮ್ಮಲ್ಲಿ ಬರೀ ಜಂಬಿಟ್ಟಿಗೆ" ಎನ್ನುತ್ತಾರೆ. ಆದರೆ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನದಿಯ ದಂಡೆಯ ಜೇಡಿಮಣ್ಣನ್ನು ನಂಬಿಯೇ. ಗದ್ದೆಯ ಬದುವಿನಲ್ಲಿ ಹುಡುಕಿ. ಮಣ್ಣನ್ನು ಪುಡಿಮಾಡಿ, ಕಲ್ಲು ಬೇರು ತೆಗೆದು ಜರಡಿ ಹಿಡಿದು, ಎರಡು ದಿನ ನೆನೆಸಿ, ನೀರು ಬಸಿದು, ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ಚೆನ್ನಾಗಿ ನಾದಿ. ಹದ ನೋಡಲು ಬೆರಳುಗಾತ್ರದ ಬತ್ತಿ ಹೊಸೆದು ಬಾಗಿಸಿ: ಬಿರಿದರೆ ನೀರು ಸಾಲದು ಅಥವಾ ಮರಳು ಹೆಚ್ಚಾಗಿದೆ. ಒದ್ದೆ ಗೋಣಿತಾಟು ಸುತ್ತಿ ಬಕೆಟ್ಟಿನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ.

ಮಗುವಿಗೆ ಕಿತ್ತಳೆ ಹಣ್ಣಿನಷ್ಟು ಮುದ್ದೆ ಬೇಕು. ಕಾಲು, ಕೋಡು ಅಂಟಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ತೆಳು ಮಣ್ಣಿನ ಗಂಜಿ ಹಚ್ಚಿ ಒತ್ತಬೇಕು. ಸುಮ್ಮನೆ ಅಂಟಿಸಿದರೆ ಒಣಗುವಾಗ ಕಳಚಿ ಬೀಳುತ್ತದೆ. ಬಿಸಿಲಲ್ಲಿ ಬೇಗ ಒಣಗಿಸಿದರೆ ಬಿರುಕು ಖಚಿತ, ನೆರಳಿನಲ್ಲಿ ಒಣಗಲಿ. ಸುಡಿಸುವುದಾದರೆ ದಪ್ಪ ಭಾಗವನ್ನು ಒಳಗಿನಿಂದ ಟೊಳ್ಳು ಮಾಡಿ, ಇಲ್ಲದಿದ್ದರೆ ಒಳಗೆ ಉಳಿದ ನೀರು ಆವಿಯಾಗಿ ಸಿಡಿಯುತ್ತದೆ.

ಅಂಗಡಿಯ ಬಣ್ಣದ ಕ್ಲೇ ಇದಕ್ಕೆ ಬದಲಿಯಾಗುತ್ತದೆಯೇ? ಎಣ್ಣೆ ಬೆರೆತದ್ದಾದ್ದರಿಂದ ಒಣಗುವುದಿಲ್ಲ, ನೆಲ ಕೊಳೆಯಾಗುವುದಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮನೆಗೆ ಅನುಕೂಲ. ಆದರೆ ಸಿಗುವುದು ಹೆಬ್ಬೆರಳಿನಷ್ಟು, ಅದರಲ್ಲಿ ಪುಟ್ಟ ಆಟಿಕೆ ಆಗುತ್ತದೆ, ಎಮ್ಮೆ ಆಗುವುದಿಲ್ಲ. ಮೈದಾಹಿಟ್ಟಿಗೆ ಉಪ್ಪು ಸೇರಿಸಿ ನಾದುವುದನ್ನೂ ಹಲವರು ಹೇಳಿಕೊಡುತ್ತಾರೆ. ಮಧ್ಯಾಹ್ನದ ಊಟಕ್ಕಾಗಿ ಮಕ್ಕಳು ತಟ್ಟೆ ಹಿಡಿದು ನಿಲ್ಲುವ ಶಾಲೆಯಲ್ಲಿ ಹಿಟ್ಟನ್ನು ಆಟಕ್ಕೆ ಬಳಸಲು ನನಗೆ ಮನಸ್ಸು ಬರುವುದಿಲ್ಲ.

ಕಾಗದ ಹರಿದು ಅಂಟಿಸುವುದು, ಬೆಂಡೆಕಾಯಿ ಕತ್ತರಿಸಿ ಅಚ್ಚೊತ್ತುವುದು, ಇವೆರಡೂ ಶಿಕ್ಷಕರು ರಜೆಯಲ್ಲಿದ್ದು ಎರಡು ತರಗತಿ ಒಟ್ಟಿಗೆ ಕೂತ ದಿನಕ್ಕೆ ಒಳ್ಳೆಯವು. ಕತ್ತರಿ ಬೇಡ, ಕೈಯಲ್ಲೇ ಹರಿಯಲಿ. ಹರಿದ ಅಂಚು ಕತ್ತರಿಸಿದ ಅಂಚಿಗಿಂತ ಚೆಂದ.

ವಾರ್ಲಿ, ಚಿತ್ತಾರ, ಕಾವಿ

ಶಾಲೆಯ ಗೋಡೆಗಳ ಮೇಲೆ ಈಗ ಎಲ್ಲೆಲ್ಲೂ ವಾರ್ಲಿ. ಮಹಾರಾಷ್ಟ್ರದ ಆದಿವಾಸಿಗಳ ಈ ಕಲೆಯನ್ನು ನಾನು ಪ್ರೀತಿಸುತ್ತೇನೆ. ಆದರೆ ಎರಡು ತ್ರಿಕೋನ, ನಾಲ್ಕು ಕಡ್ಡಿ ಸೇರಿದರೆ ಮನುಷ್ಯ ಎಂಬ ಸೂತ್ರವಾಗಿ ಅದು ಮಕ್ಕಳ ಕೈಗೆ ಬರುತ್ತಿದೆ. ಸೂತ್ರ ಸಿಕ್ಕ ಮೇಲೆ ನಿಜವಾದ ಮನುಷ್ಯರನ್ನು ನೋಡುವ ಅಗತ್ಯ ಅವರಿಗೆ ಕಾಣುವುದಿಲ್ಲ.

ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದ ಜಾಡು ಬೇರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮದುಮಕ್ಕಳು ಕೂರುವ ಹಸೆಗೋಡೆಯ ಮೇಲೆ ಗೆರೆಗಳು ಬುಟ್ಟಿ ಹೆಣೆದಂತೆ ಒಂದರೊಳಗೊಂದು ಹೋಗುತ್ತವೆ. ಇದಕ್ಕೆ ತಾಳ್ಮೆ ಬೇಕು, ಸಮಾನ ಅಂತರ ಬೇಕು, ಹಾಗಾಗಿ ಆರನೆಯ ತರಗತಿಯ ಮೇಲಿನವರಿಗೆ ಸೂಕ್ತ. ಗಣಿತದ ಸಮಮಿತಿಯ ಪಾಠವೂ ಜೊತೆಗೇ ಆಗುತ್ತದೆ. ಚಿಕ್ಕವರಿಗೆ ಮನೆಯಂಗಳದ ಚುಕ್ಕಿ ರಂಗೋಲಿಯೇ ಇದರ ಮೊದಲ ಮೆಟ್ಟಿಲು. ಗಂಡುಮಕ್ಕಳಿಗೂ ಕಲಿಸಿ.

ಉತ್ತರ ಕನ್ನಡ, ಗೋವಾ ಕಡೆಯ ದೇವಾಲಯಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಅದನ್ನು ಕೆರೆದು ಕೆಳಗಿನ ಬಿಳಿಯನ್ನು ಹೊರತರುತ್ತಾರೆ. ಆಯಿಲ್ ಪೇಸ್ಟಲ್ ಇದ್ದರೆ ಇದನ್ನು ತರಗತಿಯಲ್ಲೇ ಮಾಡಬಹುದು: ಹಾಳೆಗೆ ದಟ್ಟವಾಗಿ ಬಿಳಿ, ಅದರ ಮೇಲೆ ಇಟ್ಟಿಗೆ ಕೆಂಪು, ಆಮೇಲೆ ಖಾಲಿಯಾದ ಪೆನ್ನಿನ ರಿಫಿಲ್‌ನಿಂದ ಕೆರೆಯುವುದು. ನಾನು ಮಾಡಿಸಿದ ಪಾಠಗಳಲ್ಲಿ ಏಳನೆಯ ತರಗತಿಯವರು ಮತ್ತೆ ಮತ್ತೆ ಕೇಳುವುದು ಇದನ್ನೇ.

ನೋಡಿ ಬರೆಯುವುದು, ನಕಲು ಮಾಡುವುದು

ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಹರಿಯುವ ಹೊಳೆ. ಬಳ್ಳಾರಿಯ ಎರೆಹೊಲದ ಮಗುವೂ ಇದನ್ನೇ ಬರೆಯುತ್ತದೆ, ಕಾರವಾರದ ಮಗುವೂ ಇದನ್ನೇ ಬರೆಯುತ್ತದೆ. ಯಾರೋ ಕರಿಹಲಗೆಯ ಮೇಲೆ ಬರೆದದ್ದನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿಸಿದ ಫಲ ಇದು. ನಕಲಿನಿಂದ ಕೈ ಪಳಗುತ್ತದೆ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಅಕ್ಷರ ವಿನ್ಯಾಸಕ್ಕೆ, ಜ್ಯಾಮಿತಿಗೆ ಅದು ಬೇಕು. ಚಿತ್ರಕ್ಕೆ ಮಾತ್ರ ಮುಂದೆ ನಿಜವಾದ ವಸ್ತು ಇರಲಿ. ಕೊಡಪಾನ, ಛತ್ರಿ, ಬಾಗಿಲಾಚೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಹತ್ತು ನಿಮಿಷ ಬರೆಯದೆ ನೋಡಿ ಮಾತಾಡಲಿ: ಯಾವ ಚಪ್ಪಲಿ ಹೆಚ್ಚು ಸವೆದಿದೆ, ಯಾವ ಕಡೆ ಸವೆದಿದೆ. ಆಮೇಲೆ ಇದ್ದಿಲು ಕೊಡಿ.

ಏಳು ವರ್ಷದೊಳಗಿನವರಿಗೆ ಇದನ್ನೂ ಹೇರಬೇಡಿ. ಆ ವಯಸ್ಸಿನ ಮಗು ಕಂಡದ್ದಕ್ಕಿಂತ ಗೊತ್ತಿರುವುದನ್ನು ಬರೆಯುತ್ತದೆ, ಅಜ್ಜಿ ಮುಖ್ಯವೆನಿಸಿದರೆ ಅಜ್ಜಿ ಮನೆಗಿಂತ ದೊಡ್ಡದಾಗಿರುತ್ತಾಳೆ. ತಿದ್ದಬೇಡಿ, ಅಜ್ಜಿಯ ಬಗ್ಗೆ ಕೇಳಿ.

ಯಾವ ಶಾಲೆಗೆ ಯಾವುದು?

ಒಂದರಿಂದ ಐದರವರೆಗಿನ, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗೆ ಮಣ್ಣು, ದಪ್ಪ ಕ್ರೆಯಾನ್, ದಿನಪತ್ರಿಕೆ, ಇಷ್ಟರಲ್ಲಿ ಇಡೀ ವರ್ಷ ನಡೆಯುತ್ತದೆ. ಆರರಿಂದ ಎಂಟಕ್ಕೆ ಇದ್ದಿಲು ಮತ್ತು ಆಯಿಲ್ ಪೇಸ್ಟಲ್ ಸೇರಿಸಿ, ಎರಡು ಅವಧಿ ಒಟ್ಟಿಗೆ ಸಿಕ್ಕರೆ ಪೋಸ್ಟರ್ ಬಣ್ಣ. ಪ್ರತಿಭಾ ಕಾರಂಜಿಯ ಸ್ಪರ್ಧೆಗೆ ಮಕ್ಕಳನ್ನು ಕಳುಹಿಸುವವರು ಅಲ್ಲಿ ಮಣ್ಣಿನ ಮಾದರಿಗೂ ಸ್ಪರ್ಧೆ ಇದೆ ಎಂಬುದನ್ನು ನೆನಪಿಡಿ. ವರ್ಷವಿಡೀ ಮಣ್ಣು ಮುಟ್ಟದ ಮಗುವನ್ನು ಹಿಂದಿನ ದಿನ ಆರಿಸಿ ಕಳುಹಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ನೀರಿನ ಬಣ್ಣದ ಸರದಿ ಪ್ರೌಢಶಾಲೆಯಲ್ಲಿ. ಅಷ್ಟು ಹೊತ್ತಿಗೆ ಕಣ್ಣು ಬಣ್ಣದ ತೂಕ ಅಳೆಯಲು ಕಲಿತಿರುತ್ತದೆ, ಕೈಗೆ ಹೆದರಿಕೆ ಇರುವುದಿಲ್ಲ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ನಾಲ್ಕೈದು ಮಕ್ಕಳಿಗೆ ಒಳ್ಳೆಯ ಹಾಳೆ, ಒಳ್ಳೆಯ ಕುಂಚ ತರಿಸಿ ಶಾಲೆ ಬಿಟ್ಟ ಮೇಲೆ ಅಭ್ಯಾಸ ಮಾಡಿಸಿ. ಆ ಪರೀಕ್ಷೆಯ ತಯಾರಿಯನ್ನೇ ಇಡೀ ತರಗತಿಯ ಪಾಠವಾಗಿಸಬೇಡಿ.

ಕೈಯಲ್ಲಿರುವ ಹಣ ಕಡಿಮೆ ಎಂದಾದರೆ ಖರ್ಚಿನ ಸಾಲು ಹೀಗಿರಲಿ. ಮಣ್ಣು, ಇದ್ದಿಲಿಗೆ ದುಡ್ಡು ಬೇಡ, ಎರಡು ಬಕೆಟ್ ಮತ್ತು ಗೋಣಿತಾಟು ಸಾಕು. ಮೊದಲು ಆಯಿಲ್ ಪೇಸ್ಟಲ್, ಇಬ್ಬರಿಗೆ ಒಂದು ಪೆಟ್ಟಿಗೆಯಂತೆ. ಆಮೇಲೆ ನಾಲ್ಕು ದೊಡ್ಡ ಸೀಸೆ ಪೋಸ್ಟರ್ ಬಣ್ಣ, ಹತ್ತು ಚಪ್ಪಟೆ ಕುಂಚ. ಉಳಿದದ್ದಕ್ಕೆಲ್ಲ ದಪ್ಪ ಕಾಗದ ತನ್ನಿ. ಮುದ್ರಣಾಲಯದಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿದರೆ ತೂಕಕ್ಕೆ ಕೊಡುತ್ತಾರೆ, ಕೆಲವರು ಶಾಲೆಗೆಂದರೆ ದುಡ್ಡೇ ತೆಗೆದುಕೊಳ್ಳುವುದಿಲ್ಲ.